ಡೋಲಿ ಇಳಿಸಿದ ಮೇಲೆ ಜಗಳ

"ಕೇಳಿರಪ್ಪೋ ಕೇಳಿರಿ! ರಾಣಿ ಕನಕಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ ವರ. ತಪ್ಪಿದವರಿಗೆ ತಲೆದಂಡ!" ಎಂದು ಹೊಂಗೆಪುರದಲ್ಲಿ ಡಂಗುರ ಸಾರಿದರು.

ರಾಣಿಗೆ ಸುಮ್ಮನೆ ತಲೆಕೆಟ್ಟಿರಲಿಲ್ಲ. ಊರ ಜನ ಪ್ರತಿ ಸುಗ್ಗಿಗೆ ಕಾಯಿಲೆ ಕಣಜಕ್ಕೆ ಕಾಳು ಹಾಕುತ್ತಿದ್ದರು. ಯಾರಾದರೂ ಕಾಯಿಲೆ ಬಿದ್ದರೆ ಕಣಜದವರು ಅವರ ಪರವಾಗಿ ವೈದ್ಯಶಾಲೆಗೆ ಕಾಳು ಅಳೆದು ಕೊಡಬೇಕು. ಈಗ ವೈದ್ಯರು "ಇನ್ನೂ ಕೊಡಿ" ಎಂದರೆ ಕಣಜದವರು "ಕೊಟ್ಟದ್ದೇ ಹೆಚ್ಚಾಯಿತು" ಎನ್ನುತ್ತಿದ್ದರು. ಇಬ್ಬರ ಹಟಕ್ಕೆ ವೈದ್ಯಶಾಲೆಯ ಬಾಗಿಲೇ ಮುಚ್ಚಿಹೋಗಿತ್ತು.

ಆ ಬಾಗಿಲ ಮುಂದೆ ಡೋಲಿ ಹೊರುವ ಭರಮ, ಅವನ ಭಾವ ದುಗ್ಗ ಕೂತಿದ್ದರು. ಡೋಲಿಯೊಳಗೆ ಭರಮನ ಅಕ್ಕ, ದುಗ್ಗನ ಹೆಂಡತಿ ದ್ಯಾಮಿ ಹೆರಿಗೆ ನೋವಿನಲ್ಲಿ ನರಳುತ್ತಿದ್ದಳು. ಕೂಸು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಭರಮ ಥಟ್ಟನೆ ಎದ್ದು ನಿಂತ.

"ಒಗಟು ನಾ ಬಿಡಿಸ್ತೀನಿ ಭಾವ."

"ಮನೆ ಬಾಗ್ಲು ಚಿಲಕ ಬಿಡಿಸಾಕೆ ಬರಲ್ಲ ನಿಂಗೆ!" ಎಂದ ದುಗ್ಗ. ಬೈದರೂ ಕಣ್ಣು ತುಂಬಿತ್ತು.

ಅರಮನೆಯಲ್ಲಿ ಕಣಜದ ಯಜಮಾನನೂ ವೈದ್ಯಶಾಲೆಯ ಹಿರಿಯನೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಭರಮನಿಗಿಂತ ಮುಂಚೆ ಇಬ್ಬರು ಪಂಡಿತರು ಬಂದಿದ್ದರು.

"ಎಲ್ಲರೂ ಹಿಡಿ ಹಿಡಿ ಹಾಕುತ್ತಾರೆ, ಇದರ ಗೊಡವೆ ನಮಗೆ ಬೇಡಪ್ಪಾ ಎಂದು ಹರಕೆ ಹೊರುತ್ತಾರೆ. ಏನದು?" ಎಂದಳು ರಾಣಿ.

"ಹೆಣಕ್ಕೆ ಹಾಕುವ ಮಣ್ಣು" ಎಂದ ಮೊದಲನೆಯವನು.

"ಸತ್ತವರಿಗಲ್ಲ, ಬದುಕುವವರಿಗೆ ಹಾಕುವುದು" ಎಂದಳು ರಾಣಿ. ತಲೆದಂಡವಾಗುವವರೆಗೆ ಇರಲೆಂದು ಭಟರು ಅವನನ್ನು ಸೆರೆಗೆ ಒಯ್ದರು.

"ಕಾಯಿಲೆ ಕಣಜದ ಕಾಳು ತಾಯಿ," ಎಂದ ಭರಮ. "ನಮ್ಮಕ್ಕನೂ ಹಾಕವ್ಳೆ, ನಂಗೆ ಬೇಕಾಗೋದು ಬ್ಯಾಡಪ್ಪ ಅಂತಾನೇ."

"ಇಬ್ಬರು ಹೊಡೆದಾಡುತ್ತಾರೆ, ಇಬ್ಬರಿಗೂ ಗಾಯವಿಲ್ಲ. ಗಾಯ ಯಾರಿಗೆ?" ಎಂದು ರಾಣಿ ಎರಡನೆಯ ಒಗಟು ಹಾಕಿದಳು.

"ನೆರಳಿಗೆ" ಎಂದ ಎರಡನೆಯ ಪಂಡಿತ. ಅವನೂ ಸೆರೆಗೆ ಹೋದ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಗಾಯ ಆ ಕೂಸಿಗೆ. ಈಗ ವೈದ್ಯಶಾಲೆ ಬಾಗ್ಲಾಗೆ ನರಳ್ತಾ ಕುಂತೋರಿಗೆ" ಎಂದ ಭರಮ. ಬೆನ್ನು ಹಾಕಿದ್ದ ಇಬ್ಬರೂ ತಲೆ ತಗ್ಗಿಸಿದರು.

ರಾಣಿಯ ದನಿ ಇಳಿಯಿತು. "ಜಗಳಗಂಟರು ಇಬ್ಬರು, ಹೊರೆ ಒಂದೇ. ಇಬ್ಬರನ್ನು ಬೇರೆ ಮಾಡಿದರೆ ಹೊರೆ ಬೀಳುತ್ತದೆ, ಜಗಳಕ್ಕೆ ಬಿಟ್ಟರೂ ಬೀಳುತ್ತದೆ. ಬೀಳದಂತೆ ಮಾಡುವುದು ಹೇಗೆ?" ನಿಜ ಹೇಳಬೇಕೆಂದರೆ ಇದರ ಉತ್ತರ ರಾಣಿಗೂ ಗೊತ್ತಿರಲಿಲ್ಲ.

ಭರಮ ಹೆಗಲು ಸವರಿಕೊಂಡ. ಆಮೇಲೆ ದುಗ್ಗನ ನೆನಪಾಗಿ ನಕ್ಕೇಬಿಟ್ಟ.

"ತಾಯಿ, ನಾನೂ ನಮ್ಮ ಭಾವನೂ ಹಾವು ಮುಂಗುಸಿ. ಆದ್ರೆ ಡೋಲಿ ಹೆಗಲ ಮ್ಯಾಲಿದ್ರೆ ಜಗಳ ಆಡಂಗಿಲ್ಲ, ಅದು ನಮ್ಮೋರ ಪದ್ಧತಿ. ಒಳಗಿರೋರನ್ನ ಮುಟ್ಟಿಸಿ, ಡೋಲಿ ಇಳಿಸಿ, ಆಮೇಲೆ ಹಿರೇರ ಮುಂದೆ ಕಿತ್ತಾಡ್ತೀವಿ. ಇವ್ರೂ ಹಂಗೇ ಮಾಡ್ಲಿ. ಮೊದ್ಲು ಬಾಗ್ಲು ತೆಗೆಸ್ರಿ. ಜಗಳ ನಿಮ್ಮ ಮುಂದೆ ಆಡ್ಲಿ, ನೀವು ಹೇಳಿದ್ದು ಇಬ್ರೂ ಕೇಳ್ಲಿ."

ರಾಣಿ ಸಿಂಹಾಸನದಿಂದ ಎದ್ದೇಬಿಟ್ಟಳು. "ಇಂದಿನಿಂದ ಇದೇ ಕಟ್ಟಳೆ! ಮೊದಲು ಬಾಗಿಲು ತೆಗೆಯಿರಿ! ನಿನ್ನ ವರ ಕೇಳಪ್ಪ."

"ಪಾಪ, ಆ ಪಂಡಿತರನ್ನ ಬಿಟ್ಬುಡ್ರಿ" ಎಂದವನೇ ಭರಮ ಓಡಿದ. ಕಟ್ಟಳೆ ಕಾಯುವ ಅಧಿಕಾರವನ್ನೂ ರಾಣಿ ಅವನಿಗೇ ಕೊಟ್ಟಳು. ಅದನ್ನು ಭಟರು ಅವನ ಹಿಂದೆ ಓಡುತ್ತ ಕೂಗಿ ಹೇಳಬೇಕಾಯಿತು.

ಸಂಜೆಯ ಹೊತ್ತಿಗೆ ವೈದ್ಯಶಾಲೆಯೊಳಗೆ ಕೂಸು ಅತ್ತಿತು. ಹೆಣ್ಣು ಕೂಸು. ದುಗ್ಗ ಕುಣಿದಾಡುತ್ತ ಎತ್ತಿಕೊಂಡ.

"ಥೇಟ್ ನಮ್ಮವ್ವ!"

"ನಿಮ್ಮವ್ವನ ಮೂಗು ಹಿಂಗೈತಾ? ಇದು ನಮ್ಮವ್ವ!" ಎಂದು ಭರಮ ಜಗಳಕ್ಕೇ ನಿಂತ.

ಮಲಗಿದ್ದಲ್ಲಿಂದಲೇ ದ್ಯಾಮಿ ಗದರಿದಳು: "ಮೊದ್ಲು ಕೂಸು ಇಳಿಸ್ರಿ. ಆಮೇಲೆ ಜಗಳ ಆಡ್ರಿ!"