ರೋಹಿಣಿಯನ್ನು ಮುಚ್ಚಿದ ಚಂದ್ರ

“ಗುರುಗಳೇ, ಚಂದ್ರನ ಬಳಿಗೆ ಯಾರೂ ಹೋಗದ ಕಾಲದಲ್ಲಿಯೇ ಅವನೆಷ್ಟು ದೂರದಲ್ಲಿದ್ದಾನೆಂದು ಮನುಷ್ಯ ಅಳೆದನಂತೆ. ಹೇಗೆ ಅಳೆದ?” ಎಂದು ಶಿಷ್ಯ ಕೇಳಿದ.

ಗುರು ಉತ್ತರ ಹೇಳಲಿಲ್ಲ, ಕತೆ ಹೇಳಿದರು.

ಇಬ್ಬರು ಗಣಕರಿದ್ದರು. ಒಬ್ಬ ಪದುಮಯ್ಯ, ಇನ್ನೊಬ್ಬ ರೇಚಣ್ಣ. ಒಬ್ಬನೇ ಗುರುವಿನ ಬಳಿ ಕಲಿತವರು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ವಿದ್ಯೆ ಮುಗಿದ ಮೇಲೆ ಪದುಮಯ್ಯ ದಕ್ಷಿಣದಲ್ಲಿ ಕಡಲತೀರದ ಒಂದು ಪಟ್ಟಣ ಸೇರಿದ. ರೇಚಣ್ಣ ಬಹುದೂರದ ಉತ್ತರದಲ್ಲಿ ನದೀತೀರದ ಒಂದು ನಗರ ಸೇರಿದ. ಆಕಾಶ ನೋಡಿ ಪಂಚಾಂಗ ಕಟ್ಟುವುದು ಇಬ್ಬರ ಕಸುಬು. ತಾವು ಕಂಡದ್ದನ್ನು ಆ ದಾರಿಯಲ್ಲಿ ಓಡಾಡುವ ವರ್ತಕನೊಬ್ಬನ ಮೂಲಕ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ಪದುಮಯ್ಯನ ಮಗನಿಗೆ ರೇಚಣ್ಣನ ಮಗಳನ್ನು ತರುವುದೆಂದೂ ಮಾತಾಗಿತ್ತು.

ಮಾಘಮಾಸದ ಒಂದು ಸಂಜೆ ಚಂದ್ರ ರೋಹಿಣೀ ನಕ್ಷತ್ರದ ಸಮೀಪಕ್ಕೆ ಬಂದ. ಪದುಮಯ್ಯ ಮಾಳಿಗೆ ಹತ್ತಿ ನೋಡುತ್ತ ನಿಂತ. ಚಂದ್ರ ನಕ್ಷತ್ರವನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋದ. ನಡುವೆ ದರ್ಭೆಯ ಕಡ್ಡಿಯಷ್ಟು ಸಂದು ಉಳಿದಿತ್ತು. ತನ್ನ ಕಣ್ಣನ್ನೊಂದೇ ನಂಬಬಾರದೆಂದು ಹೆಂಡತಿ ಮಾಚಲೆಯನ್ನು ಕರೆದು ತೋರಿಸಿದ. ಅವಳಿಗೂ ಸಂದು ಕಂಡಿತು.

ಬೇಸಗೆಯಲ್ಲಿ ವರ್ತಕ ಬಂದ. ರೇಚಣ್ಣ ಹೇಳಿ ಕಳಿಸಿದ್ದು ಬೇರೆಯೇ ಆಗಿತ್ತು. ಅದೇ ಸಂಜೆ ಚಂದ್ರ ರೋಹಿಣಿಯನ್ನು ಪೂರ್ತಿ ಮುಚ್ಚಿದ್ದ, ಒಂದೆರಡು ಗಳಿಗೆ ನಕ್ಷತ್ರ ಕಾಣಲೇ ಇಲ್ಲ, ಆಮೇಲೆ ಇನ್ನೊಂದು ಅಂಚಿನಿಂದ ಹೊರಬಂತು ಎಂದಿದ್ದ.

ಪದುಮಯ್ಯನಿಗೆ ಮೈ ಉರಿಯಿತು. ರೇಚಣ್ಣ ಮಾಳಿಗೆ ಹತ್ತಿಲ್ಲ, ಒಳಗೆ ಕುಳಿತು ಲೆಕ್ಕ ಹಾಕಿ ಕಂಡೆನೆಂದು ಹೇಳಿದ್ದಾನೆ ಅಂದುಕೊಂಡ. ತಾನು ಸಂದು ಕಂಡದ್ದನ್ನೂ ಸೇರಿಸಿ ವರ್ತಕನಿಗೂ ಹಾಗೆಯೇ ಹೇಳಿದ. ವರ್ತಕ ಆ ಮಾತನ್ನು ಬಿಡದೆ ಒಯ್ದು ಮುಟ್ಟಿಸಿದ. ಮರುವರ್ಷ ಬಂದ ಉತ್ತರ ಚಿಕ್ಕದಾಗಿತ್ತು. ಸುಳ್ಳು ಹೇಳುವವನ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ರೇಚಣ್ಣ ಹೇಳಿ ಕಳಿಸಿದ್ದ.

ಮದುವೆ ಮುರಿಯಿತು. ಮಾತು ನಿಂತಿತು. ವರ್ತಕ ಬಂದಾಗ ಇಬ್ಬರೂ ಮೆಣಸಿನ ಬೆಲೆ ಕೇಳುತ್ತಿದ್ದರೇ ಹೊರತು ಗೆಳೆಯನ ಕ್ಷೇಮ ಕೇಳುತ್ತಿರಲಿಲ್ಲ.

ಬಹಳ ವರ್ಷಗಳು ಕಳೆದವು. ಚಂದ್ರನ ದಾರಿ ಸುತ್ತಿ ಬಂದು ಮತ್ತೆ ರೋಹಿಣಿಯನ್ನು ಸೋಕುವಂತಾಯಿತು. ಬರುವ ಮಾಘದಲ್ಲಿ ಹಿಂದಿನಂತೆಯೇ ಆಗುತ್ತದೆಂದು ಪದುಮಯ್ಯನಿಗೆ ಲೆಕ್ಕದಿಂದ ತಿಳಿಯಿತು. ಅವನಿಗೆ ಆಗ ತಲೆ ನರೆತಿತ್ತು. ಆದರೂ ಉತ್ತರಕ್ಕೆ ಹೊರಟು ನಿಂತ. ಮಗ ಬೇಡವೆಂದ. ಮಾಚಲೆ ಏಕೆಂದು ಕೇಳಿದಳು.

“ಅವನ ಪಕ್ಕದಲ್ಲೇ ನಿಂತು ನೋಡುತ್ತೇನೆ. ಸಂದು ಇದೆ ಎಂದು ಅವನ ಬಾಯಿಂದಲೇ ಹೇಳಿಸುತ್ತೇನೆ” ಎಂದ ಪದುಮಯ್ಯ.

ತಾನಿಲ್ಲದಿದ್ದರೂ ನೋಡುವುದು ತಪ್ಪಬಾರದೆಂದು, ಆ ಸಂಜೆ ಮಾಳಿಗೆ ಹತ್ತಿ ನೋಡಿ ವರ್ತಕನ ಕೈಲಿ ಹೇಳಿ ಕಳಿಸುವಂತೆ ಹೆಂಡತಿಗೆ ತಿಳಿಸಿ, ಸರಕು ಹೊತ್ತು ಉತ್ತರಕ್ಕೆ ಹೋಗುತ್ತಿದ್ದ ಎತ್ತಿನ ಸಾಲಿನೊಂದಿಗೆ ಹೊರಟ. ದಾರಿಯುದ್ದಕ್ಕೂ ರೇಚಣ್ಣನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಕಟ್ಟುತ್ತ ಬಂದ.

ಆದರೆ ರೇಚಣ್ಣನ ಕಣ್ಣು ಹೋಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಜಗಲಿಯ ಮೇಲೆ ಕುಳಿತಿದ್ದವನು ದನಿ ಕೇಳಿಯೇ ಪದುಮಯ್ಯನ ಗುರುತು ಹಿಡಿದ. ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಪದುಮಯ್ಯನ ಬಾಯಿಗೆ ಬರಲಿಲ್ಲ. ಬಂದ ಕಾರಣವನ್ನಷ್ಟೇ ಹೇಳಿದ.

ರೇಚಣ್ಣ ಯೋಚಿಸಿ, ಇನ್ನು ನೋಡಬೇಕಾದವನು ನೀನೊಬ್ಬನೇ, ನೀನು ನೋಡಿ ಹೇಳಿದ್ದನ್ನು ಒಪ್ಪುತ್ತೇನೆ ಎಂದ.

ಆ ಸಂಜೆ ಇಬ್ಬರೂ ಅಂಗಳದಲ್ಲಿ ಕುಳಿತರು. ಮನೆಯವರೆಲ್ಲ ಒಳಗಿದ್ದರು. ಅರ್ಧಚಂದ್ರ ನೆತ್ತಿಯ ಬಳಿ ಇದ್ದ. ಅವನ ಬೆಳಕಿಲ್ಲದ ಅಂಚು ರೋಹಿಣಿಯ ಕಡೆಗೆ ಸರಿಯುತ್ತಿತ್ತು. ಪದುಮಯ್ಯ ಆ ಸಂದಿಗಾಗಿ ಕಾದ. ಸಂದು ಉಳಿಯಲಿಲ್ಲ. ಬತ್ತಿಯನ್ನು ಚಿವುಟಿದಂತೆ ನಕ್ಷತ್ರ ಒಮ್ಮೆಲೇ ಮರೆಯಾಯಿತು.

ತಾನು ಗೆಳೆಯನನ್ನು ಸುಳ್ಳನೆಂದು ಕರೆದದ್ದು, ಮುರಿದ ಮದುವೆ, ಕಳೆದ ವರ್ಷಗಳು ಎಲ್ಲವೂ ಅವನಿಗೆ ಒಟ್ಟಿಗೆ ನೆನಪಾದವು. ಸಂದು ಉಳಿಯಿತು ಎಂದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಪಕ್ಕದಲ್ಲಿದ್ದವನು ಕುರುಡ. ಅವನು ಒಪ್ಪುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದ.

“ಮುಚ್ಚಿತು” ಎಂದ ಪದುಮಯ್ಯ.

ರೇಚಣ್ಣ ಹಿಗ್ಗಲಿಲ್ಲ. ಮೆಲ್ಲಗೆ, “ಹಾಗಾದರೆ ಪದುಮಾ, ಅಂದು ನಿನ್ನೂರಲ್ಲಿ ನೀನು ಕಂಡದ್ದೇನು?” ಎಂದು ಕೇಳಿದ.

ಪದುಮಯ್ಯ ದರ್ಭೆಯ ಕಡ್ಡಿಯಷ್ಟಿದ್ದ ಸಂದನ್ನು ವಿವರಿಸಿದ. ರೇಚಣ್ಣ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ. ವರ್ತಕ ಬರುವ ತನಕ ಇಲ್ಲಿಯೇ ಇರು ಎಂದ.

ಬೇಸಗೆಯಲ್ಲಿ ವರ್ತಕ ಬಂದ. ಮಾಚಲೆ ಹೇಳಿ ಕಳಿಸಿದ್ದಳು: ಸಂದು ಹಿಂದಿನಷ್ಟೇ ಇತ್ತು, ಚಂದ್ರ ನಕ್ಷತ್ರವನ್ನು ಮುಟ್ಟಲಿಲ್ಲ.

ಇಬ್ಬರಿಗೂ ದಿಕ್ಕು ತೋಚಲಿಲ್ಲ. ಇಲ್ಲಿ ಮುಚ್ಚಿದ್ದು ನಿಜ, ಅಲ್ಲಿ ಮುಚ್ಚದೆ ಹೋದದ್ದೂ ನಿಜ. ಮಾರನೆಯ ದಿನ ಬೆಳಿಗ್ಗೆ ಪದುಮಯ್ಯ ಗೆಳೆಯನ ಕೈ ಹಿಡಿದು ನದಿಯ ದಂಡೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದ. ಹತ್ತಿರದಲ್ಲಿ ಒಂದು ತಾಳೆಮರ, ದೂರದ ಬೆಟ್ಟದ ಮೇಲೆ ಒಂದು ಗುಡಿ. ಮರ ಗುಡಿಯನ್ನು ಮುಚ್ಚಿತ್ತು. ಸ್ವಲ್ಪ ಮುಂದೆ ನಡೆದಾಗ ಗುಡಿ ಮರದ ಪಕ್ಕದಲ್ಲಿ ಕಂಡಿತು. ಮರ ಕದಲಿರಲಿಲ್ಲ, ಗುಡಿಯೂ ಕದಲಿರಲಿಲ್ಲ.

ಪದುಮಯ್ಯ ಅಲ್ಲಿಯೇ ನಿಂತ. ಹಿಂದಕ್ಕೆ ನಡೆದು ನೋಡಿದ, ಮತ್ತೆ ಮುಂದಕ್ಕೆ ನಡೆದ. ಏಕೆಂದು ರೇಚಣ್ಣ ಕೇಳಿದಾಗ ಕಂಡದ್ದನ್ನು ಹೇಳಿದ. ಕುರುಡನ ಮುಖ ಅರಳಿತು. ಚಂದ್ರ ಈ ಮರದ ಹಾಗೆ ಹತ್ತಿರ, ರೋಹಿಣಿ ಆ ಗುಡಿಯ ಹಾಗೆ ದೂರ ಎಂದು ಅವನೇ ಮೊದಲು ಹೇಳಿದ. ಹತ್ತಿರದ ಮರ ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ. ಎಷ್ಟು ನಡೆದೆವು, ಎಷ್ಟು ಸರಿಯಿತು ಎಂದು ತಿಳಿದರೆ ಎಷ್ಟು ದೂರವೆಂದು ತಿಳಿಯುತ್ತದೆ. ಎರಡು ಊರುಗಳ ನಡುವಿನ ದಾರಿ ವರ್ತಕನಿಗೆ ಗೊತ್ತಿತ್ತು. ಸಂದಿನ ಅಳತೆ ಪದುಮಯ್ಯನಿಗೆ ಗೊತ್ತಿತ್ತು. ನಕ್ಷತ್ರ ಎಷ್ಟು ಹೊತ್ತು ಮರೆಯಾಗಿತ್ತೆಂದು ರೇಚಣ್ಣನಿಗೆ ಗೊತ್ತಿತ್ತು, ಅದರಿಂದ ಅದು ಚಂದ್ರನ ಅಂಚಿನಿಂದ ಎಷ್ಟು ಒಳಗೆ ಹಾದುಹೋಗಿತ್ತೆಂದು ಲೆಕ್ಕ ಸಿಗುತ್ತಿತ್ತು.

ಇಬ್ಬರೂ ಮರಳಿನ ಮೇಲೆ ಕುಳಿತು ಗೆರೆ ಎಳೆದರು. ಒಬ್ಬ ಎಳೆದ, ಇನ್ನೊಬ್ಬ ಬೆರಳಿನಿಂದ ಸವರಿ ನೋಡಿದ. ಬಿಸಿಲೇರುವ ಹೊತ್ತಿಗೆ ಚಂದ್ರ ಎಷ್ಟು ದೂರದಲ್ಲಿದ್ದಾನೆಂದು ಅವರಿಗೆ ತಿಳಿಯಿತು. ಅಷ್ಟೊಂದು ದೂರವೇ ಎಂದು ಬೆರಗಾಗಿ ಮತ್ತೊಮ್ಮೆ ಲೆಕ್ಕ ಮಾಡಿದರು. ಅಷ್ಟೇ ಬಂತು. ಪದುಮಯ್ಯ ಗೆಳೆಯನ ಕಾಲು ಮುಟ್ಟಲು ಬಗ್ಗಿದ. ರೇಚಣ್ಣ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಮುರಿದ ಮದುವೆ ಮಾತ್ರ ಕೂಡಲಿಲ್ಲ. ಆ ಮಗಳು ಆಗಲೇ ಬೇರೆ ಊರಿನಲ್ಲಿ ಸಂಸಾರ ಹೂಡಿದ್ದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಗುರುಗಳೇ, ದಾರಿಯ ಅಳತೆ ಮೊದಲಿನಿಂದಲೂ ಇತ್ತು. ಇಬ್ಬರು ಕಂಡದ್ದೂ ಮೊದಲ ವರ್ಷವೇ ಗೊತ್ತಾಗಿತ್ತು. ಮತ್ತೆ ಅಷ್ಟು ವರ್ಷ ಏಕೆ ಬೇಕಾಯಿತು?” ಎಂದ.

“ಅಷ್ಟು ವರ್ಷ ಇಬ್ಬರೂ ಆಕಾಶವನ್ನೇ ಕೇಳಿದರು ಮಗೂ, ಒಬ್ಬರನ್ನೊಬ್ಬರು ಕೇಳಲಿಲ್ಲ” ಎಂದರು ಗುರು.