ಅರಮನೆ ಗ್ರೂಪಿನ ರಾಣಿ

ಹೊಳೆದಂಡೆಯ ಒಂದೂರಿನ ಹೈಸ್ಕೂಲಿನಲ್ಲಿ ವಿರುಪಣ್ಣ ಮಾಸ್ತರರು ಕನ್ನಡ ಕಲಿಸುತ್ತಿದ್ದರು. ಹಳಗನ್ನಡ ಅಂದರೆ ಸಾಕು, ಮಕ್ಕಳಿಗೆ ತೂಕಡಿಕೆ. ಮಾಸ್ತರರು ಒಂದು ಉಪಾಯ ಹೂಡಿದರು. ಹತ್ತನೆಯ ತರಗತಿಗೆಂದು ‘ಅರಮನೆ’ ಎಂಬ ವಾಟ್ಸಾಪ್ ಗ್ರೂಪು ಮಾಡಿದರು. ಪಠ್ಯದಲ್ಲಿದ್ದದ್ದು ಅರಮನೆಯಿಂದ ದೂರಾಗಿ ಕಾಡುಪಾಲಾದ ರಾಣಿಯ ಕಥೆ. ಮಕ್ಕಳಲ್ಲಿ ಒಬ್ಬ ಮಂತ್ರಿಯಾದ, ಒಬ್ಬ ಸೇನಾಪತಿಯಾದ. ಮಾಸ್ತರರೇ ರಾಜ. ಗ್ರೂಪಿನಲ್ಲಿ ಯಾರೂ ಸ್ವಂತ ಹೆಸರು ಹೇಳಕೂಡದು, ಮನೆಮಾತು ಆಡಕೂಡದು. ಪಾತ್ರ ಬಿಟ್ಟವರಿಗೆ ಅಂಕ ಕಡಿತ.

ಉಪಾಯವೇನೋ ಫಲಿಸಿತು. ಪುಸ್ತಕ ಮುಟ್ಟದವರೂ ‘ಮಹಾಪ್ರಭೂ’ ಎಂದು ಬರೆಯತೊಡಗಿದರು. ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ರಾಣಿಯ ಪಾತ್ರದ ಹುಲಿಗೆಮ್ಮ. ಅವಳ ಮಾತಿಗೆ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟುತ್ತಿದ್ದವು.

ಒಂದು ಭಾನುವಾರ ರಾಣಿಯ ವನವಾಸದ ಭಾಗ ಬಂತು. ತಕ್ಕ ಫೋಟೋ ಹಾಕಿದರೆ ಹೆಚ್ಚು ಅಂಕ ಎಂದರು ಮಾಸ್ತರರು. ಹುಲಿಗೆಮ್ಮ ಅವ್ವನ ಸೀರೆ ಸುತ್ತಿಕೊಂಡು, ಮನೆಗೆಲ್ಲ ಇದ್ದ ಒಂದೇ ಫೋನು ಹಿಡಿದು, ಬತ್ತಿದ ಹೊಳೆಯ ನಡುವಿನ ಕಲ್ಲುಮಂಟಪಕ್ಕೆ ಹೋದಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಊರಲ್ಲಿ ಆಟೋ ಮೈಕಿನಲ್ಲಿ ಸಾರಿದಾಗ, ಪಾಪ, ಅವಳು ಕಂಬಕ್ಕೊರಗಿ ಫೋಟೋ ತೆಗೆದುಕೊಳ್ಳುತ್ತಿದ್ದಳು.

ತಲೆಯೆತ್ತಿ ನೋಡಿದರೆ, ಬಂದ ದಾರಿ ನೀರಿನಡಿ ಹೋಗಿತ್ತು.

ಅವಳಿಗೆ ಈಜು ಬರದು. ಮನೆಯ ಫೋನು ತನ್ನ ಕೈಯಲ್ಲೇ ಇದೆ, ಅವ್ವನಿಗೆ ಹೇಗೆ ತಿಳಿಸುವುದು? ಮಾಸ್ತರರಿಗೆ ಕರೆ ಮಾಡಿದಳು, ಹೋಗಲಿಲ್ಲ. ಬಂಡೆಗಳ ನಡುವೆ ಸಿಗ್ನಲ್ಲು ಅಷ್ಟಕ್ಕಷ್ಟೇ. ಮೆಸೇಜು ಮಾತ್ರ ತಡೆತಡೆದು ಹೋಗುತ್ತಿತ್ತು. ಗ್ರೂಪಿಗೇ ಬರೆಯಹೊರಟಳು. ಅಷ್ಟು ಭಯದಲ್ಲೂ ಅಂಕದ ಭಯ ಬಿಡಲಿಲ್ಲ ನೋಡಿ. ರಾಣಿಯಾಗಿಯೇ ಬರೆದಳು.

“ಪ್ರಭೂ, ನದಿಯು ನಮ್ಮನ್ನು ಸುತ್ತುವರಿದಿದೆ. ಬೇಗನೆ ಬಂದು ಕಾಪಾಡುವಂಥವರಾಗಿ.”

ಚಪ್ಪಾಳೆ, ಮತ್ತೆ ಚಪ್ಪಾಳೆ. ನೀರು ಮಂಟಪದ ಮೆಟ್ಟಿಲು ಮುಟ್ಟಿತು.

“ಸೈನ್ಯ ಹೊರಟಿದೆ, ಮಹಾರಾಣಿ!” ಎಂದು ಸೇನಾಪತಿಯ ಉತ್ತರ ಬಂತು. ಒಂದು ಗಳಿಗೆ ಹುಲಿಗೆಮ್ಮನಿಗೆ ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಕುಣಿಯುವ ಕುದುರೆಯ ಚಿತ್ರ ಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗಾಯಿತು. ನೀರು ಪಾದಕ್ಕೆ ಬಂದಿತ್ತು.

ಈಗ ಅಂಕ ಹೋದರೆ ಹೋಗಲಿ ಎಂದು ಬರೆದಳು. “ಸರ್, ನಾನು ಹುಲಿಗೆಮ್ಮ. ಇದು ಆಟ ಅಲ್ಲರಿ. ನೀರು ಬಂದೈತಿ. ಅಂಜಿಕಿ ಆಗಾಕತ್ತೈತಿ ಸರ್.”

ಮಾಸ್ತರರ ಉತ್ತರ ಬಂತು. “ರಾಣಿಯವರೇ, ಪಾತ್ರ ಬಿಡಬಾರದು. ಆದರೂ ಗಾಬರಿಯನ್ನು ಏನು ಚೆಂದ ಬರೆದಿದ್ದೀರಿ! ಭೇಷ್!”

ಹುಲಿಗೆಮ್ಮ ಕಿರುಚಿದಳು. ಹೊಳೆಯ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು. ಇಷ್ಟು ಜನ ನೋಡುತ್ತಿದ್ದಾರೆ, ಒಬ್ಬರಿಗೂ ತಾನು ಕಾಣುತ್ತಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ಆ ಗ್ರೂಪಿನಲ್ಲಿ ಹುಸೇನಬಿ ಎಂಬವಳೂ ಇದ್ದಳು. ಅವಳದು ಬಾಗಿಲು ಕಾಯುವವಳ ಪಾತ್ರ. ಬರೆಯುತ್ತಿದ್ದುದೇ ಅಪರೂಪ. ಅವಳು ಥಟ್ಟನೆ ಕೇಳಿದಳು. “ಹುಲಿಗಿ, ಖರೇ ಹೇಳಾಕತ್ತೀ ಏನು? ಎಲ್ಲಿ ಅದೀ?”

“ಬಾಗಿಲು ಕಾಯುವವಳಿಗೆ ಎರಡು ಅಂಕ ಕಡಿತ” ಎಂದರು ಮಾಸ್ತರರು.

“ಖರೇನ. ಕಲ್ಲುಮಂಟಪ” ಎಂದು ಹುಲಿಗೆಮ್ಮ ಬರೆದಳು. ಮೆಸೇಜು ಹೋಯಿತೋ ಇಲ್ಲವೋ ನೋಡುವಷ್ಟರಲ್ಲಿ ಫೋನು ಕೈಜಾರಿ ನೀರುಪಾಲಾಯಿತು. ಅವಳು ಕಂಬವನ್ನು ತಬ್ಬಿಕೊಂಡಳು. ನೀರು ಮೊಣಕಾಲು ದಾಟಿತು, ಸೊಂಟಕ್ಕೆ ಬಂತು.

ಹುಸೇನಬಿಯ ಅಪ್ಪ ರಾಜಾಸಾಬ ಹರಿಗೋಲು ಹಾಕುವವನು. ಮಂಟಪದ ಮೆಸೇಜು ಓದಿದ ಮಗಳು ಬಂದು ಹೇಳಿದ್ದೇ ತಡ, ಉಣ್ಣುವ ತಾಟು ಬಿಟ್ಟೆದ್ದಿದ್ದ. ಸೆಳವಿಗೆ ಅಡ್ಡಲಾಗಿ ಹುಟ್ಟು ಹಾಕುತ್ತ ಮಂಟಪ ಮುಟ್ಟಿದ. “ಬಾರವ್ವ, ಕೈ ಕೊಡು. ಕೆಳಗ ನೋಡಬ್ಯಾಡ” ಎಂದ. ಕಂಬ ಬಿಡಲು ಅವಳ ಕೈ ಒಪ್ಪಲಿಲ್ಲ. ಅವನೇ ಬೆರಳು ಬಿಡಿಸಿ ಎತ್ತಿಕೊಂಡ.

ಸುದ್ದಿ ತಿಳಿದ ಮಾಸ್ತರರು ದಂಡೆಗೆ ಓಡಿಬಂದಿದ್ದರು. ಕೈಯಲ್ಲಿ ಫೋನಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹುಲಿಗೆಮ್ಮನ ಅವ್ವ ಮಗಳನ್ನು ಅವಚಿಕೊಂಡು ಅಳುತ್ತಿದ್ದಳು. ಮಾಸ್ತರರು ಕೇಳಿದರು, “ತಪ್ಪಾತವ್ವ. ಭಾಳ ಅಂಜಿದೇನು?”

ಹುಲಿಗೆಮ್ಮ ಹಲ್ಲು ಕಟಕಟಿಸುತ್ತ ಹೇಳಿದಳು. “ನೀರಿಗೆ ಅಂಜಿದ್ನಿರಿ. ಆದ್ರ ನೀವು ಭೇಷ್ ಅಂದ್ರಲ್ಲ ಸರ್, ಅವಾಗ ನಾ ಸತ್ತೆ ಅಂತ ಗ್ಯಾರಂಟಿ ಆತ್ರಿ.”



ನೀತಿ: ಕಥೆಯ ರಾಣಿಗಾಗಿ ಕಣ್ಣೀರಿಡುವುದನ್ನು ಕಲಿಸುವುದು, ನಿಜವಾಗಿ ಅಳುವವರ ಬಳಿಗೆ ಓಡಲೆಂದೇ. ಯಾರೇ ಕೂಗಿದರೂ ಚಪ್ಪಾಳೆ ತಟ್ಟುವ ಮೊದಲು ‘ಎಲ್ಲಿದ್ದೀ?’ ಎಂದು ಕೇಳಿ.