ಧಣಿಯ ಗರ್ಜನೆ

ಕಡಲತಡಿಯ ಶೆಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವಾಟರ್ ಸ್ಕೂಟರ್ ನಾಲ್ಕು ವರ್ಷ ಟಾರ್ಪಾಲಿನಡಿ ಮಲಗಿತ್ತು. ಅದರ ಸೀಟಿನೊಳಗೆ ಇಲಿಯಮ್ಮ ಆರು ಮರಿಗಳೊಂದಿಗೆ ಸುಖವಾಗಿ ಸಂಸಾರ ಹೂಡಿದ್ದಳು. ಒಂದು ಬೆಳಿಗ್ಗೆ ಮೆಕ್ಯಾನಿಕ್ ದೂಮಪ್ಪ ಬಂದು, ಹಳಸಿದ ಪೆಟ್ರೋಲನ್ನು ಬಸಿದು ಹೊಸತು ತುಂಬಿಸಿ, ಹೊಸ ಬ್ಯಾಟರಿ ಕೂರಿಸಿದ.

"ನೀರಿನ ಪೈಪ್ ತರುತ್ತೇನೆ. ಅಲ್ಲಿಯವರೆಗೆ ಬಾಯಿ ಬಿಡಬೇಡ. ಒಳಗೆ ನೀರು ಹರಿಯದೆ ಕೂಗಿದರೆ ಸುಟ್ಟುಹೋಗುತ್ತೀಯ" ಎಂದು ಸ್ಕೂಟರಿಗೆ ತಾಕೀತು ಮಾಡಿ ಹೋದ.

ನಾಲ್ಕು ವರ್ಷ ಮಲಗಿದ್ದ ಸ್ಕೂಟರಿಗೆ ಎದ್ದ ಕೂಡಲೇ ಯಜಮಾನಿಕೆ ನೆನಪಾಯಿತು. "ಏ ಇಲಿ, ಗಂಟುಮೂಟೆ ಕಟ್ಟು. ನಾನಿನ್ನು ಕಡಲಿಗೆ ಇಳಿಯುವವನು!"

"ಅಪ್ಪಣೆ ಧಣಿ, ಈಗಲೇ ಹೊರಟೆ" ಎಂದು ಇಲಿಯಮ್ಮ ಕೈಮುಗಿದಳು. "ಒಂದೇ ಕೊರಗು. ನಿಮ್ಮ ದನಿಗೆ ತೆರೆಗಳೇ ಹಿಂದೆ ಸರಿಯುತ್ತಿದ್ದವಂತೆ. ನನ್ನ ಮಕ್ಕಳು ಅದನ್ನು ಕೇಳದೆಯೇ ಮನೆ ಬಿಡಬೇಕಲ್ಲ! ಹೊರಗೆ ಬಂಡೆಯಡಿ ಇರುವ ಆ ಏಡಿ ಬೇರೆ, ನಿಮ್ಮ ಗಂಟಲಿಗೆ ತುಕ್ಕು ಹಿಡಿದಿದೆ ಎಂದು ಊರಿಡೀ ಸಾರುತ್ತಿದೆ."

"ತುಕ್ಕು? ನನಗೆ?" ಎಂದು ಸ್ಕೂಟರ್ ಗುಡುಗಿತು. ಮರಿಗಳು ಚಪ್ಪಾಳೆ ತಟ್ಟಿದವು.

"ಇನ್ನೂ ಜೋರು, ಧಣಿ! ಏಡಿಗೆ ಕೇಳಿಸಲಿಲ್ಲ!" ಎಂದಳು ಇಲಿಯಮ್ಮ.

ಸ್ಕೂಟರ್ ಶೆಡ್ಡಿನ ತಗಡು ನಡುಗುವಂತೆ ಅಬ್ಬರಿಸಿತು. ಆಮೇಲೆ ಕೆಮ್ಮಿತು. ಆಮೇಲೆ ಕಟಕ್ಕೆಂದು ನಿಂತುಹೋಯಿತು.

ದೂಮಪ್ಪ ಪೈಪ್ ಹಿಡಿದು ಬಂದಾಗ ಶೆಡ್ ತುಂಬ ಸುಟ್ಟ ರಬ್ಬರಿನ ವಾಸನೆ. ಅವನು ಹಣೆ ಚಚ್ಚಿಕೊಂಡು ಟಾರ್ಪಾಲನ್ನು ಮತ್ತೆ ಎಳೆದು ಮುಚ್ಚಿದ.

ಅದರಡಿಯಲ್ಲಿ ಇಲಿಯಮ್ಮ ಮರಿಗಳನ್ನು ಸೀಟಿನೊಳಕ್ಕೆ ಕರೆದು ಬಾಯಿ ಮೇಲೆ ಬೆರಳಿಟ್ಟಳು: "ಶ್! ಧಣಿಗಳು ಮಲಗಿದ್ದಾರೆ, ಗಲಾಟೆ ಮಾಡಬೇಡಿ."